ಹೂವಪ್ಪ ನೋಡದೆ ಬಿಟ್ಟ ದಂಡೆ

ಹಂಸಭಾವಿಯ ಹೂವಪ್ಪ ಸಮುದ್ರ ಕಂಡದ್ದು ನೌಕರಿ ಸಿಕ್ಕ ಮೇಲೆ. ಅದು ಎಪ್ಪತ್ತಮೂರನೇ ಇಸವಿ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿದವನು ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಕೆರೆ ಕಾಲುವೆಗಳ ಕೆಲಸಕ್ಕೆ ಓವರಸಿಯರ್ ಆಗುತ್ತೇನೆಂದು ಎಣಿಸಿದ್ದ. ಆದೇಶ ಬಂದದ್ದು ಘಟ್ಟದ ಕೆಳಗೆ, ಕುಮಟೆಯ ಆಚೆ, ಕಡಲದಂಡೆ ಕಾಯುವ ಕೆಲಸಕ್ಕೆ. ತಾಯಿ ಅಡಿವೆವ್ವ ಬುತ್ತಿ ಕಟ್ಟುತ್ತ ಕೇಳಿದಳು.

“ದಂಡಿ ಕಾಯೂದಂದ್ರ ಏನಪಾ? ಅದನ್ನ ಯಾರು ಕದಿತಾರ?”

“ಸಮುದ್ರನ ಕದಿತೈತಿ ಬೇ. ಮಳಿಗಾಲದಾಗ ಮಣ್ಣ ತಿಂದು ಊರೊಳಗ ಬರ್ತೈತಿ. ಅದಕ್ಕ ಅಡ್ಡ ಗ್ವಾಡಿ ಕಟ್ಟೂದು.”

ಅಡಿವೆವ್ವ ನಂಬಲಿಲ್ಲ. ನೀರು ಸಾಲದೆ ಒದ್ದಾಡುವ ಊರಿನಲ್ಲಿ ಹುಟ್ಟಿದವಳಿಗೆ ನೀರನ್ನು ತಡೆಯಲು ಸರ್ಕಾರ ಪಗಾರ ಕೊಡುತ್ತದೆನ್ನುವುದು ಚೇಷ್ಟೆಯ ಮಾತಿನಂತೆ ಕೇಳಿಸಿತು.

ಹೂವಪ್ಪನನ್ನು ಹಾಕಿದ್ದು ನಡುಕುರ್ವೆ ಎಂಬ ಸಣ್ಣ ಊರಿನ ಕೆಲಸಕ್ಕೆ. ಹೊಳೆ ಸಮುದ್ರ ಸೇರುವಲ್ಲಿ ನಾಲಿಗೆಯಂತೆ ಚಾಚಿಕೊಂಡಿದ್ದ ನೆಲ ಅದು. ಅಂಬಿಗರ ಗುಡಿಸಲುಗಳು, ತೆಂಗು, ಕೆಳಗೆ ಭತ್ತದ ಗದ್ದೆಗಳು. ಗದ್ದೆಗಳ ಮುಂದೆ ಕೆಸರಿನಲ್ಲಿ ಕಾಂಡ್ಲಾ ಗಿಡಗಳ ದಟ್ಟ ಪಟ್ಟಿ. ಅವುಗಳ ಬೇರುಗಳು ಮೇಲಿನಿಂದಲೇ ಇಳಿದು, ಜೇಡನ ಕಾಲಿನಂತೆ ಕೆಸರಿಗೆ ನಾಟಿಕೊಂಡಿರುತ್ತಿದ್ದವು. ನೀರು ಏರುವ ಭರತದಲ್ಲಿ ಗಿಡಗಳು ಅರ್ಧ ಮುಳುಗುವವು, ಇಳಿತದಲ್ಲಿ ಪೂರ್ತಿ ಕಾಣುವವು. ಎರಡು ವರ್ಷದ ಹಿಂದಿನ ತೂಫಾನಿನಲ್ಲಿ ನೀರು ಒಳಗೆ ಬಂದು ಕೆಲವು ಮನೆಗಳನ್ನು ಒಯ್ದಿತ್ತು. ಅದಕ್ಕೇ ಇಲಾಖೆ ಕಲ್ಲಿನ ಗೋಡೆ ಕಟ್ಟಲು ಮನಸ್ಸು ಮಾಡಿತ್ತು. ಗೋಡೆ ಎಲ್ಲಿ ಹೋಗಬೇಕು, ಎಷ್ಟು ಎತ್ತರ ಇರಬೇಕು ಎಂದು ಅಳೆದು ನಕಾಶೆ ಮಾಡುವುದು ಹೂವಪ್ಪನ ಪಾಲಿಗೆ ಬಂತು.

ಸರಪಳಿ ಹಿಡಿಯಲು ಬಂಕಾಪುರದ ನಬೀಸಾಬ ಇದ್ದ. ಹೂವಪ್ಪನಿಗಿಂತ ಹಿರಿಯ, ಮಾತು ಕಮ್ಮಿ. ನೀರಿನ ಮೇಲೆ ಒಯ್ಯಲು ದೇವು ಅಂಬಿಗನೆಂಬವನ ಪಾತಿ ದೋಣಿ ಗೊತ್ತು ಮಾಡಿದ್ದರು. ದೇವು ಹೂವಪ್ಪನ ವಯಸ್ಸಿನವನೇ. ಹೆಂಡತಿ ನಾಗವೇಣಿ, ಇನ್ನೂ ತೆವಳುವ ಮಗಳು ಮಾದೇವಿ. ಮಧ್ಯಾಹ್ನ ಅವರ ಅಂಗಳದಲ್ಲಿ ಅನ್ನ ಗಂಜಿ ಆಗುತ್ತಿತ್ತು. ಹೂವಪ್ಪನ ಮನೆಯಲ್ಲಿ ಮೀನು ಮುಟ್ಟುವುದಿಲ್ಲವೆಂದು ತಿಳಿದ ಮೇಲೆ ನಾಗವೇಣಿ ಅವನಿಗೆಂದು ಬೇರೆ ಗಡಿಗೆಯಲ್ಲಿ ಹುರುಳಿ ಸಾರು ಕಾಸುತ್ತಿದ್ದಳು. ಅದನ್ನು ಅವಳು ಒಂದು ದಿನವೂ ಹೇಳಿಕೊಳ್ಳಲಿಲ್ಲ. ನಬೀಸಾಬನೇ ಕಂಡು ಹೇಳಿದ್ದು.

ಹೂವಪ್ಪ ಮೊದಲು ಎಳೆದ ಗೆರೆ ಸಮುದ್ರದ ಅಂಚಿನಲ್ಲೇ ನೆಟ್ಟಗೆ ಹೋಗುತ್ತಿತ್ತು. ಉದ್ದ ಕಡಿಮೆ, ಕಲ್ಲು ಕಡಿಮೆ, ಯಾರ ಗದ್ದೆಯೂ ಬೇಕಾಗಿರಲಿಲ್ಲ. ಆದರೆ ಆ ಗೆರೆಗಾಗಿ ಕಾಂಡ್ಲಾ ಪಟ್ಟಿಯನ್ನು ಕಡಿಯಬೇಕಿತ್ತು. ಕಡಿಯದೆ ಉಳಿದದ್ದೂ ಗೋಡೆಯ ಒಳಗೆ ಸಿಕ್ಕು, ಉಪ್ಪುನೀರಿನ ಏರಿಳಿತ ಕಾಣದೆ ಒಣಗುತ್ತಿತ್ತು. ಅವನಿಗೆ ಅದು ಸರಿಬರಲಿಲ್ಲ. ಹಂಸಭಾವಿಯಲ್ಲಿ ಕೆರೆಯ ಮೇಲೆ ಗಾಳಿ ಎದ್ದಾಗ ತೆರೆಗಳು ಅಂಚಿನ ನೀರಿನಲ್ಲಿ ಬೆಳೆದ ಆಪಿನ ಹುಲ್ಲಿಗೆ ಬಡಿದು ಸೋತು, ಏರಿಯ ಹತ್ತಿರ ಬರುವಷ್ಟರಲ್ಲಿ ಬರೀ ನೊರೆಯಾಗುತ್ತಿದ್ದುದನ್ನು ಅವನು ಸಣ್ಣಂದಿನಿಂದ ಕಂಡಿದ್ದ. ಗೋಡೆಯನ್ನು ಹಿಂದಕ್ಕೆ, ಗದ್ದೆಯ ಅಂಚಿಗೆ ಸರಿಸಿದರೆ ಕಾಂಡ್ಲಾ ಮುಂದೆ ಉಳಿಯುತ್ತದೆ, ತೆರೆಯ ಮೊದಲ ಪೆಟ್ಟನ್ನು ಅದೇ ತಿನ್ನುತ್ತದೆ ಎಂದು ಅವನ ಲೆಕ್ಕ.

ಮೇಲಿನ ಸಾಹೇಬರು ಮೈಸೂರು ಕಡೆಯವರು. ಇವನ ಮಾತನ್ನು ಕಿವಿಗೊಟ್ಟು ಕೇಳಿದರು.

“ಯೋಚನೆ ಚೆನ್ನಾಗಿದೆ ಹೂವಪ್ಪ. ಆದರೆ ಬಾಯಿಮಾತಲ್ಲಿ ಆಗೋದಿಲ್ಲ. ಎರಡನೇ ಗೆರೆನೂ ಅಳೆದು ತನ್ನಿ. ಗದ್ದೆಯವರು ಒಂದು ಪಟ್ಟಿ ಜಾಗ ಬಿಡ್ತಾರಾ ಕೇಳಿ. ಆಗುತ್ತೆ ಅಂದ್ರೆ ನಾನು ಅದನ್ನೇ ಕಳಿಸ್ತೀನಿ.”

ಇಂಥ ಮಾತು ಹೇಳುವ ಸಾಹೇಬರು ಸಿಗುವುದು ಕಷ್ಟ. ಹೂವಪ್ಪ ಅಂದು ಖುಷಿಯಿಂದಲೇ ಹೊರಬಂದ. ಮುಂದೆ ಅವನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದದ್ದು ಇದೇ. ಬೇಡವೆಂದವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಮದುವೆಯಾಯಿತು. ಹುಡುಗಿ ಶಿಗ್ಗಾವಿ ಹತ್ತಿರದ ಹಳ್ಳಿಯವಳು, ಶಾರವ್ವ. ಮದುವೆಯಾಗಿ ವಾರದಲ್ಲೇ ಅವಳನ್ನು ಹಂಸಭಾವಿಯಲ್ಲಿ ಬಿಟ್ಟು ಅವನು ಘಟ್ಟ ಇಳಿದ. ಆ ಸಲದ ಮಳೆಗಾಲ ಅವನಿಗೆ ಮುಗಿಯಲೇ ಇಲ್ಲ. ಬಾಡಿಗೆ ಕೋಣೆಯ ಗೋಡೆಗೆ ಬೂಷ್ಟು, ಅಂಗಿಗೆ ಬೂಷ್ಟು, ಊರಿಂದ ತಂದ ಒಣ ಕಟಿ ರೊಟ್ಟಿಗೂ ಬೂಷ್ಟು. ಹಿರೇಕೆರೂರಿನಲ್ಲಿ ಒಂದು ಜಾಗ ತೆರವಾಗಿದೆಯೆಂದು ಅದೇ ಹೊತ್ತಿಗೆ ಸುದ್ದಿ ಬಂತು. ಅರ್ಜಿ ಹಾಕಿದ. ನಡುಕುರ್ವೆಯ ನಕಾಶೆ ಮುಗಿದರೆ ಬಿಟ್ಟುಕೊಡುತ್ತೇವೆ ಎಂದರು.

ಮೊದಲನೇ ಗೆರೆ ಮುಗಿದಿತ್ತು. ಎರಡನೆಯದಕ್ಕೆ ಮಳೆ ನಿಲ್ಲಬೇಕು, ಗದ್ದೆ ಕೊಯ್ಲಾಗಬೇಕು, ಕೆಸರಿನಲ್ಲಿ ಇಳಿದು ಮಟ್ಟ ನೋಡಬೇಕು, ಒಬ್ಬೊಬ್ಬ ಗದ್ದೆಯವನ ಮನೆಗೂ ಹೋಗಿ ಕೂತು ಮಾತಾಡಬೇಕು. ಇನ್ನೊಂದು ವರ್ಷದ ಕೆಲಸ. ದೇವು ಪ್ರತಿ ದಿನ ಬೆಳಿಗ್ಗೆ ದೋಣಿ ತಂದು ಕೇಳುತ್ತಿದ್ದ.

“ಇವತ್ತು ಗದ್ದೆ ಬದಿಗೆ ಹೋಗ್ವನಾ ಸಾಹೇಬ್ರೇ?”

“ನಾಳೆ ನೋಡೋಣು ದೇವಣ್ಣ.”

ಆ ನಾಳೆ ಬರಲಿಲ್ಲ. ದೀಪಾವಳಿಗೆ ಮುಂಚೆ ಸಾಹೇಬರು ಕರೆಸಿ ಕೇಳಿದರು. “ಎರಡನೇ ಗೆರೆ ನೋಡಿದ್ರಾ?”

“ನೋಡಿದ್ನಿರಿ,” ಎಂದ ಹೂವಪ್ಪ. “ಜಾಗಾ ಸಿಗೂದಿಲ್ಲ. ಗದ್ದಿ ಮಾಲಕರು ಯಾರೂ ಒಪ್ಪವಲ್ರು.”

ಸಾಹೇಬರು ಅವನ ಮುಖ ನೋಡಿ, ನಂಬಿ, ಸಹಿ ಹಾಕಿದರು. ಬಾಗಿಲ ಹತ್ತಿರ ನಿಂತಿದ್ದ ನಬೀಸಾಬ ಕಣ್ಣು ಕೆಳಗೆ ಮಾಡಿದ. ಹೂವಪ್ಪ ಅದನ್ನು ಕಂಡ. ಕಂಡೂ ಕಾಣದವನಂತೆ ಹೊರಬಂದ.

ಊರಿಗೆ ಹೊರಡುವ ದಿನ ದೇವುವಿನ ಮನೆಗೆ ಹೋಗಿ ಹೇಳಿ ಬಂದ. ನಾಗವೇಣಿ ಒಣ ಕೊಬ್ಬರಿ ಕಟ್ಟಿಕೊಟ್ಟಳು. ದೇವುವಿನ ಗುಡಿಸಲು ಸ್ವಲ್ಪ ಹಿಂದೆ, ದಿಬ್ಬದ ಮೇಲಿತ್ತು. ದಿನಾ ದೋಣಿಗೆ ಬಲೆ ಹೊತ್ತು ನಡೆಯುವುದು ದೂರವಾಗುತ್ತದೆಂದು ಅವನು ಆಗಾಗ ಹೇಳುವುದಿತ್ತು. ಹೊರಡುವ ಗಡಿಬಿಡಿಯಲ್ಲಿ, ಒಳ್ಳೆಯದನ್ನೇ ಹೇಳುತ್ತಿದ್ದೇನೆಂದುಕೊಂಡು ಹೂವಪ್ಪ ಹೇಳಿದ. “ಇನ್ನ ಕಲ್ಲಿನ ಗ್ವಾಡಿ ಬರ್ತೈತಿ ದೇವಣ್ಣ. ಅದರ ಆಸರಕ್ಕ ಮನಿ ಕಟ್ಕೋ. ದೋಣಿಗೂ ಸಮೀಪ ಆಕ್ಕೈತಿ.”

ದೇವು ತಲೆಯಾಡಿಸಿದ.

ಹಿರೇಕೆರೂರಿನ ಮೊದಲ ವರ್ಷಗಳು ಚಲೋ ಹೋದವು. ಬಾಡಿಗೆ ಮನೆ, ಶಾರವ್ವನ ಕೈಯಡಿಗೆ, ಸಂತೆ ದಿನ ಹಂಸಭಾವಿಯಿಂದ ಅಣ್ಣ ಬಂದು ಹೋಗುವುದು. ಮಗಳು ಹುಟ್ಟಿದಳು. ಕೆಳಗೆ ಗೋಡೆ ಕಟ್ಟಿ ಮುಗಿದ ಸುದ್ದಿ ಯಾರೋ ಹೇಳಿದರು. ತನ್ನ ಗೆರೆಯ ಮೇಲೆ ಕಲ್ಲು ಎದ್ದು ನಿಂತಿದೆಯೆಂದು ಕೇಳಿ ಅವನಿಗೆ ಒಂದು ನಮೂನೆ ಹೆಮ್ಮೆಯೂ ಆಯಿತು. ಹೇಳಿದ ಸುಳ್ಳು ನೆನಪಿನಲ್ಲಿ ಎಲ್ಲೋ ಸಣ್ಣದಾಗಿ ಬಿದ್ದಿತ್ತು. ನೋಡಿದ್ದರೂ ಬಹುಶಃ ಗದ್ದೆಯವರು ಒಪ್ಪುತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಎಪ್ಪತ್ತೆಂಟರ ಆಷಾಢದಲ್ಲಿ ನಬೀಸಾಬ ಹಿರೇಕೆರೂರಿಗೆ ಬಂದ. ರಜೆಯ ಮೇಲೆ ಬಂಕಾಪುರಕ್ಕೆ ಬಂದವನು ಇಷ್ಟು ದೂರ ಸುಮ್ಮನೆ ಬಂದಿರಲಾರ ಎಂದು ಹೂವಪ್ಪನಿಗೆ ಅವನನ್ನು ಕಂಡ ಕೂಡಲೇ ಅನಿಸಿತು. ಕಚೇರಿಯ ಹಿಂದಿನ ಬೇವಿನ ಗಿಡದ ಕಟ್ಟೆಯ ಮೇಲೆ ಕುಂತರು.

“ಗ್ವಾಡಿ ಬಿತ್ತರಿ ಓವರಸೀರ ಸಾಹೇಬ್ರ,” ಎಂದ ನಬೀಸಾಬ.

ಹೂವಪ್ಪ ಅವನ ಕಡೆ ತಿರುಗಿ ಕುಂತ.

ನಬೀಸಾಬ ನಿಧಾನಕ್ಕೆ ಹೇಳಿದ. ಅಮಾಸೆಯ ಭರತ ಮತ್ತು ತೂಫಾನು ಒಂದೇ ಮುಂಜಾನೆ ಕೂಡಿ ಬಂದಿದ್ದವು. ಎದುರಿಗೆ ಕಾಂಡ್ಲಾ ಇರಲಿಲ್ಲ. ತೆರೆಗಳು ನೇರ ಬಂದು ಕಲ್ಲಿಗೆ ಬಡಿದವು, ಬಡಿದು ಹಿಂದೆ ಸರಿಯುವಾಗ ಗೋಡೆಯ ಬುಡದ ಉಸುಕನ್ನು ಒಯ್ದವು. ಬುಡ ಪೊಳ್ಳಾಗಿ ನಡುವಿನ ಭಾಗ ಒಳಗಡೆಗೆ ಕುಸಿಯಿತು. ಒಳಗೆ ನುಗ್ಗಿದ ನೀರಿಗೆ ಹೊರಗೆ ಹೋಗಲು ಉಳಿದ ಗೋಡೆಯೇ ಅಡ್ಡವಾಗಿ, ಗದ್ದೆಗಳಲ್ಲಿ ಉಪ್ಪುನೀರು ದಿನಗಟ್ಟಲೆ ನಿಂತಿತು.

“ದೇವುನ ಮನಿ ಗ್ವಾಡಿಗೆ ಹತ್ತೇ ಇತ್ತಲ್ಲರಿ. ಅಂವಾ ಹುಡಿಗೀನ ಎತ್ಕೊಂಡು ಹೊರಗ ಓಡಿದ. ನಾಗವೇಣಿ ಹಿಂದ ಬರಾಕತ್ತಿದ್ಲು. ಕಲ್ಲು ಆಕಿ ಮ್ಯಾಲ ಬಿದ್ದುವು.”

“ಹೋದ್ಲು?”

“ಹೋದ್ಲರಿ.”

ಹೂವಪ್ಪ ಕೇಳಿದ. “ಮನಿ ಅಲ್ಲಿ ಯಾವಾಗ ಕಟ್ಟಿದ್ದ?”

“ಗ್ವಾಡಿ ಮುಗಿದ ವರ್ಷನ. ನೀವ ಹೇಳಿದ್ರಿ ಅಂತ ಎಲ್ಲಾರ ಮುಂದ ಹೇಳ್ಕೊಂಡು ಕಟ್ಟಿದ. ಓವರಸೀರ್ ಸಾಹೇಬ್ರು ಜಾಗಾ ತೋರಿಸ್ಯಾರ ಅಂತ.”

ನಬೀಸಾಬ ಎದ್ದು ನಿಂತ. ಹೋಗುವಾಗ ಹೇಳಿದ. “ನಿಮ್ಮನ್ನ ಅನ್ನಾಕ ಬಂದಿಲ್ಲರಿ ನಾ. ಸರಪಳಿ ಹಿಡಿದಾಂವ ನಾನೂ ಇದ್ನಿ. ಬಾಗಿಲದಾಗ ನಿಂತು ಕೇಳಿ ಸುಮ್ಮನಾದಾಂವ. ಒಬ್ಬನ ಇದನ್ನ ಹೊರೂದು ಆಗಲಿಲ್ಲ.”

ಅಂದಿನಿಂದ ಹೂವಪ್ಪ ಕೆಲಸದಲ್ಲಿ ಬೇರೆ ಮನುಷ್ಯನಾದ. ಸಣ್ಣ ಸೇತುವೆಯಿದ್ದರೂ ಮೂರು ನಾಲ್ಕು ಸಲ ಅಳೆಯುವನು. ಮುಗಿದ ಕೆಲಸದ ಜಾಗಕ್ಕೆ ರವಿವಾರ ಸೈಕಲ್ ಹೊಡೆದುಕೊಂಡು ಹೋಗಿ ಸುಮ್ಮನೆ ನಿಂತು ನೋಡಿ ಬರುವನು. ಜೊತೆಯವರು ಇವನಷ್ಟು ಪ್ರಾಮಾಣಿಕ ಇಲ್ಲವೆಂದರು. ಒಂದು ವರ್ಷ ಊರವರು ಶಾಲು ಹೊದಿಸಿ ಸನ್ಮಾನ ಮಾಡಿದರು. ಅಂದು ಮನೆಗೆ ಬಂದು ಶಾಲನ್ನು ಟ್ರಂಕಿನ ತಳಕ್ಕೆ ಹಾಕಿ, ಊಟ ಬೇಡವೆಂದು ಮಲಗಿದ. ಪ್ರಾಮಾಣಿಕ ಎಂದು ಯಾರಾದರೂ ಅಂದರೆ ಅವನಿಗೆ ಬೈದಂತೆ ಆಗುತ್ತಿತ್ತು.

ಮಳೆಗಾಲ ಬಂದರೆ ಇನ್ನೂ ಕಷ್ಟ. ಊರಿಗೆ ಊರೇ ಮೋಡದ ದಾರಿ ನೋಡುವಾಗ ಅವನು ಕಿಟಕಿ ಮುಚ್ಚುತ್ತಿದ್ದ. ಹುರುಳಿ ಸಾರು ಮಾಡಬೇಡವೆಂದು ಒಮ್ಮೆ ಶಾರವ್ವನಿಗೆ ಹೇಳಿದ. ಯಾಕೆಂದು ಹೇಳಲಿಲ್ಲ.

ಶಾರವ್ವ ನಾಲ್ಕು ವರ್ಷ ಕಾದಳು. ಅವಳು ಬಾಯಿ ಬಿಟ್ಟು ಕೇಳುವವಳಲ್ಲ. ಆದರೆ ಎಂಬತ್ತೆರಡರ ಒಂದು ಮಧ್ಯಾಹ್ನ, ಹೊರಗೆ ಮಳೆ ಹಿಡಿದಾಗ, ಏಳು ವರ್ಷದ ಮಗಳು ಅಂಗಳದ ನೀರಿಗೆ ಮಣ್ಣಿನ ಒಡ್ಡು ಕಟ್ಟಿ ಆಡುತ್ತಿದ್ದಳು. ಹೂವಪ್ಪ ಹೋಗಿ ಒಂದು ಮಾತಿಲ್ಲದೆ ಆ ಒಡ್ಡನ್ನು ಕಾಲಿನಿಂದ ಕೆಡಿಸಿದ. ಮಗಳು ಅಳುತ್ತ ಒಳಗೆ ಓಡಿದಳು. ಶಾರವ್ವ ಬಂದು ಬಾಗಿಲಿಗೆ ನಿಂತಳು.

“ಏನಾಗೈತ್ರಿ ನಿಮಗ?”

ಆಗ ಅವನು ಹೇಳಿದ. ನಡುಕುರ್ವೆ, ಎರಡು ಗೆರೆ, ದೀಪಾವಳಿಗೆ ಮುಂಚಿನ ಸುಳ್ಳು, ನಾಗವೇಣಿ. ಹೇಳಿ ಕೊನೆಗೆ ಒಂದು ಮಾತು ಕೂಡಿಸಿದ. “ಹೊಸ ಮದುವಿ. ನೀ ಇಲ್ಲಿ ಒಬ್ಬಾಕೀನ ಇದ್ದಿ. ನನಗ ಅಲ್ಲಿ ಕಾಲ ನಿಲ್ಲಲಿಲ್ಲ.”

ಶಾರವ್ವ ಹೊಸ್ತಿಲ ಮೇಲೆ ಕೂತಳು. ಆಮೇಲೆ ಹೇಳಿದಳು. “ನನ್ನ ಹೆಸರು ಅದರಾಗ ಹಾಕಬ್ಯಾಡ್ರಿ. ಬರ್ರಿ ಅಂತ ನಾ ಕರದಿದ್ದಿಲ್ಲ. ಇನ್ನೊಂದು ವರ್ಷ ಅಂದಿದ್ರ ಇರ್ತಿದ್ನಿ ನಾ.”

ಅವನು ತಲೆ ತಗ್ಗಿಸಿದ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಹೇಳಿದ್ದು ಬರೀ ನಿಜ. ಇಷ್ಟು ದಿನ ಅವನು ಒಳಗೇ ಇಟ್ಟುಕೊಂಡಿದ್ದ ಒಂದು ಸಣ್ಣ ಊರುಗೋಲನ್ನೂ ಅವಳು ಕಸಿದುಕೊಂಡಳು.

“ಆ ಗ್ವಾಡಿ ಈಗ ಹೆಂಗೈತಿ?” ಎಂದು ಮರುದಿನ ಕೇಳಿದಳು.

“ಬಿದ್ದಲ್ಲೇ ಬಿದ್ದೈತಿ. ಮತ್ತ ಅಲ್ಲೇ ಕಟ್ಟತಾರಂತ.”

“ಅಲ್ಲೇ ಅಂದ್ರ? ಅದ ಜಾಗಾದಾಗ?”

ಅವನು ಹೌದೆಂದ. ಶಾರವ್ವ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ ಅವನನ್ನು ನೋಡಿದಳು.  ಆ ವಾರವೇ ಅವನು ಘಟ್ಟದ ಕೆಳಗೆ ವರ್ಗ ಬೇಕೆಂದು ಅರ್ಜಿ ಹಾಕಿದ. ಕಚೇರಿಯವರು ನಕ್ಕರು. ಅಲ್ಲಿಗೆ ಹೋಗಲು ಯಾರೂ ಕೇಳುವುದಿಲ್ಲವಾದ್ದರಿಂದ ಆದೇಶ ಬೇಗನೆ ಬಂತು. ಈ ಸಲ ಶಾರವ್ವನೂ ಮಗಳೂ ಜೊತೆಗೆ ಹೊರಟರು.

ದೇವು ಮತ್ತೆ ದಿಬ್ಬದ ಮೇಲಿನ ಹಳೆಯ ಜಾಗದಲ್ಲಿದ್ದ. ಹೂವಪ್ಪ ಅಂಗಳಕ್ಕೆ ಬಂದಾಗ ಬಲೆ ಹೆಣೆಯುತ್ತಿದ್ದವನು ಎದ್ದು ಮಣೆ ಹಾಕಿದ. ಹೂವಪ್ಪ ಕೂಡಲಿಲ್ಲ.

“ದೇವಣ್ಣ, ಅವತ್ತು ಗದ್ದಿ ಕಡೆ ನಾ ಹೋಗಲೇ ಇಲ್ಲ. ಹೋಗೇನಿ ಅಂತ ಸಾಹೇಬರಿಗೆ ಸುಳ್ಳ ಹೇಳಿದ್ನಿ.”

“ಗೊತ್ತುಂಟು,” ಎಂದ ದೇವು. “ದೋಣಿ ನಂದಲ್ವಾ. ಹೋಗಿದ್ರೆ ನಾನೇ ಅಲ್ವಾ ಕರ್ಕೊಂಡು ಹೋಗ್ಬೇಕಿತ್ತು.”

“ಮತ್ತ ಯಾಕ ಕೇಳಲಿಲ್ಲ?”

“ನಿಮ್ಗೆ ಮನೆಗೆ ಹೋಗೂ ಆಸೆ. ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಪಾಪ ಅಂತ ಸುಮ್ನಾದೆ.” ದೇವು ಬಲೆಯ ಮೇಲೆ ಕಣ್ಣಿಟ್ಟೇ ಮಾತಾಡಿದ. “ಮನೆ ಅಲ್ಲಿ ಕಟ್ಟೂದು ಬೇಡ ಅಂದಿದ್ಲು ನಾಗವೇಣಿ. ದಿಬ್ಬದ ಮೇಲೆ ಗಾಳಿ ಚೆನ್ನಾಗಿ ಬರ್ತದೆ ಅಂದ್ಲು. ನಾನೇ ಕಟ್ಟಿದ್ದು.”

ಕ್ಷಮಿಸಿದೆನೆಂದು ಅವನು ಹೇಳಲಿಲ್ಲ, ಹೋಗೆಂದೂ ಅನ್ನಲಿಲ್ಲ. ಹೂವಪ್ಪನಿಗೆ ಎದುರಿಗೆ ನಿಲ್ಲುವುದೇ ಕಷ್ಟವಾಯಿತು. ತನ್ನ ಪಾಲಿನದರಲ್ಲಿ ಒಂದು ತುಂಡನ್ನು ಆ ಮನುಷ್ಯ ಇಷ್ಟು ವರ್ಷ ಹೊತ್ತಿದ್ದನೆಂಬುದು ಅವನಿಗೆ ಹೊಸ ಭಾರವಾಗಿ ಕೂತಿತು. ಒಳಗಿನಿಂದ ಮಾದೇವಿ ಇಣುಕಿದಳು. ತೆವಳುತ್ತಿದ್ದವಳು ಈಗ ಕೊಡ ಹೊರುವಷ್ಟು ದೊಡ್ಡವಳಾಗಿದ್ದಳು.

“ನಾಳಿಂದ ಗದ್ದಿ ಕಡೆ ಅಳಿಬೇಕು,” ಎಂದ ಹೂವಪ್ಪ. “ದೋಣಿ ಬೇಕು.”

ದೇವು ಬಲೆ ಮಡಚಿ “ಬೆಳಿಗ್ಗೆ ಇಳಿತ ಉಂಟು. ಬೇಗ ಬನ್ನಿ,” ಎಂದ.

ಅಳತೆಗೆ ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು. ಹೂವಪ್ಪ ಈ ಸಲ ಹಾಕಿದ ಯೋಜನೆ ಹೀಗಿತ್ತು. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸುವುದಲ್ಲ, ಅದು ಕುಸಿದು ತೆರೆದ ಬಾಯಿಯನ್ನು ಇನ್ನೂ ಅಗಲ ಮಾಡಿ ಭರತದ ನೀರು ಒಳಗೆ ಬಂದು ಹೋಗಲು ಬಿಡುವುದು. ಆ ಕಲ್ಲನ್ನೇ ತಂದು ಹಿಂದೆ ಗದ್ದೆಯ ಅಂಚಿನಲ್ಲಿ ಇಳಿಜಾರಾದ ಮಣ್ಣಿನ ಏರಿಗೆ ಹೊದಿಸುವುದು. ಏರಿಯಲ್ಲಿ ಬಾಗಿಲಿಟ್ಟು ಒಳಗಿನ ನೀರು ಹೊರಬೀಳುವಂತೆ ಮಾಡುವುದು. ನಡುವಿನ ಕೆಸರಿನಲ್ಲಿ ಮತ್ತೆ ಕಾಂಡ್ಲಾ ಹಚ್ಚುವುದು. ಇದಕ್ಕೆ ಗದ್ದೆಯವರು ತಲಾ ಒಂದು ಪಟ್ಟಿ ನೆಲ ಬಿಡಬೇಕಿತ್ತು.

ಶಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ಹೊಸ ಸಾಹೇಬರು ಬಂದಿದ್ದರು. ಅವರಿಗೆ ಹಳೇ ಗೆರೆಯ ಮೇಲೇ ದಪ್ಪ ಕಲ್ಲು ಹಾಕುವುದು ಸುಲಭವೆನಿಸಿತ್ತು. ಗದ್ದೆಯವರ ಪೈಕಿ ಒಬ್ಬ ವಯಸ್ಸಾದವನು ಎದ್ದು ಕೇಳಿದ. “ನಮ್ಮ ಜಾಗ ಬಿಟ್ರೆ ಊರು ಉಳೀತದೆ ಅಂತೀರಿ. ಹಾಗಾದ್ರೆ ಹತ್ತು ವರ್ಷದ ಹಿಂದೆ ಇದನ್ನೇ ಯಾಕೆ ಕೇಳಿಲ್ಲ?”

ಸಾಹೇಬರು ಉತ್ತರ ಕೊಟ್ಟರು. “ಆಗ ಕೇಳಿದ್ರಂತೆ. ನೀವೇ ಒಪ್ಪಲಿಲ್ಲ ಅಂತ ಹಳೇ ಕಾಗದದಲ್ಲಿದೆ.”

“ಯಾರು ಕೇಳಿದ್ದು? ನಮ್ಮ ಬಾಗ್ಲಿಗೆ ಯಾರೂ ಬರ್ಲಿಲ್ಲ.”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹೂವಪ್ಪನಿಗೆ ಸುಮ್ಮನೆ ಕೂಡುವ ದಾರಿ ಆಗಲೂ ಇತ್ತು. ಹಿಂದಿನವರ ತಪ್ಪೆಂದು ಸಾಹೇಬರೇ ಮಾತು ಮುಗಿಸುತ್ತಿದ್ದರು. ಅವನು ಎದ್ದ.

“ಕೇಳಲಿಲ್ಲರಿ. ಆವಾಗ ನಾನ ಇದ್ನಿ ಇಲ್ಲಿ. ನಿಮ್ಮನ್ನ ಕೇಳದ, ನೀವು ಒಪ್ಪಲಿಲ್ಲ ಅಂತ ಮ್ಯಾಲ ಹೇಳಿದ್ನಿ. ಊರಿಗೆ ವರ್ಗಾ ಬೇಕಾಗಿತ್ತು ನನಗ. ಅಷ್ಟ ಕಾರಣ. ಬ್ಯಾರೆ ಏನೂ ಇಲ್ಲ.”

ಪಡಸಾಲೆ ಗದ್ದಲವಾಯಿತು. ಉಪ್ಪಿನಲ್ಲಿ ಗದ್ದೆ ಕಳಕೊಂಡವನೊಬ್ಬ ಮುಂದೆ ಬಂದು ಹೂವಪ್ಪನ ಅಂಗಿಯ ಎದೆ ಹಿಡಿದ. ಹೂವಪ್ಪ ಬಿಡಿಸಿಕೊಳ್ಳಲಿಲ್ಲ. ಹಿಡಿದವನೇ ಕೊನೆಗೆ ಕೈ ಬಿಟ್ಟು, ಮೂಲೆಗೆ ಹೋಗಿ ಕೂತ. ಸಾಹೇಬರ ಮುಖ ಕಪ್ಪಿಟ್ಟಿತ್ತು. ದೇವು ಗೋಡೆಗೆ ಒರಗಿ ನಿಂತಿದ್ದ.

ಅಂದು ಜಾಗದ ಮಾತು ಮುಂದೆ ಹೋಗಲಿಲ್ಲ. ತಿಂಗಳೊಳಗೆ ಹೂವಪ್ಪನ ಮೇಲೆ ವಿಚಾರಣೆ ಬಂತು, ಬಡ್ತಿ ನಿಂತಿತು. ಆದರೆ ಜಾಗದ ಮಾತು ಊರೊಳಗೆ ತಾನೇ ನಡೆದಿತ್ತು. ಮೊದಲು ಕೇಳಿದ ಆ ವಯಸ್ಸಾದವನು ತನ್ನ ಪಟ್ಟಿ ಬಿಡಲು ಒಪ್ಪಿದ. ಅವನನ್ನು ನೋಡಿ ಉಳಿದವರೂ ಒಪ್ಪಿದರು. ಜಾಗ ಸಿಕ್ಕ ಮೇಲೆ ಸಾಹೇಬರೂ ಗದ್ದೆ ಬದಿಯ ಗೆರೆಗೇ ಸಹಿ ಹಾಕಿದರು. ಯಾಕೆ ಒಪ್ಪಿದಿರಿ ಎಂದು ಹೂವಪ್ಪ ಕೇಳಲು ಹೋದಾಗ ಅವನು “ನಿಮಗಾಗಿ ಅಲ್ಲ,” ಎಂದು ಬಾಗಿಲು ಮುಂದೆ ಮಾಡಿದ.

ಮೊದಲ ವರ್ಷ ಹಚ್ಚಿದ ಕಾಂಡ್ಲಾ ಉಳಿಯಲಿಲ್ಲ. ನುಗ್ಗೆಕಾಯಿಯಂತೆ ಗಿಡದಲ್ಲೇ ಜೋತು ಮೊಳೆಯುವ ಅದರ ಕೋಡುಗಳನ್ನು ಹೊಳೆಯ ಮೇಲ್ಭಾಗದಿಂದ ದೋಣಿಯಲ್ಲಿ ತುಂಬಿ ತಂದು, ಶಾರವ್ವ, ಮಾದೇವಿ, ಅಂಬಿಗರ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಇಳಿದು ನೆಟ್ಟಿದ್ದರು. ತೀರ ಮುಂದೆ, ಆಳದ ಕಡೆ ನೆಟ್ಟದ್ದರಿಂದ ಮೊದಲ ಮಳೆಯ ತೆರೆಗೇ ಕಿತ್ತು ಹೋದವು. ಹೂವಪ್ಪ ದಡದಲ್ಲಿ ತೇಲಿ ಬಂದಿದ್ದ ಕೋಡುಗಳನ್ನು ಒಂದೊಂದಾಗಿ ಆರಿಸುತ್ತ ಕೂತುಬಿಟ್ಟ. ಶಾರವ್ವ ಹೋಗಿ ರಟ್ಟೆ ಹಿಡಿದು ಎಬ್ಬಿಸಿದಳು.

“ಏಳ್ರಿ. ಎಲ್ಲಾ ನಿಮ್ಮ ಪಾಪದಿಂದನ ಆಗೂದಿಲ್ಲ. ಇದು ಬರೇ ಜಾಗಾ ತಪ್ಪಿದ್ದು.”

ಎರಡನೇ ವರ್ಷ ಹಿಂದಕ್ಕೆ ಸರಿದು, ಬಿದ್ದ ಗೋಡೆಯ ಉಳಿದ ಭಾಗಗಳ ಮರೆಯಲ್ಲಿ ನೆಟ್ಟರು. ದನ ಎಮ್ಮೆ ಬಾರದಂತೆ ದೇವು ಬಿದಿರ ಬೇಲಿ ಹಾಕಿದ. ಅವು ಹಿಡಿದವು. ಒಂದೊಂದಕ್ಕೆ ಎರಡೆರಡು ಎಲೆ ಒಡೆದ ಹೊತ್ತಿಗೆ ಹೂವಪ್ಪನನ್ನು ಸವಣೂರಿಗೆ ವರ್ಗ ಮಾಡಿದ ಆದೇಶ ಬಂತು. ವಿಚಾರಣೆಯ ಕೊನೆಯ ಶಿಕ್ಷೆ ಅದು. ಒಂದು ಕಾಲದಲ್ಲಿ ಅವನು ಸುಳ್ಳು ಹೇಳಿ ಪಡೆದದ್ದನ್ನೇ ಈಗ ದಂಡವೆಂದು ಕೊಟ್ಟರು. ಇನ್ನೂ ಎರಡು ವರ್ಷ ಇಲ್ಲೇ ಇಡಿರೆಂದು ಬೇಡಿಕೊಂಡ. ಆಗಲಿಲ್ಲ. ಏರಿಯ ಕೆಲಸವನ್ನು ಬೇರೆಯವರು ಮುಗಿಸಿದರು.

ಸವಣೂರಿನಲ್ಲಿ ಅವನಿಗೆ ದಿನಾ ಕಚೇರಿ, ಸಂಜೆ ಮಗಳ ಅಭ್ಯಾಸ. ಎಂಬತ್ತೇಳರ ಮಳೆಗಾಲದಲ್ಲಿ ಕರಾವಳಿಗೆ ದೊಡ್ಡ ಗಾಳಿಯೆಂದು ರೇಡಿಯೊ ಹೇಳಿತು. ಅಂದೂ ಮರುದಿನವೂ ಅವನು ರೇಡಿಯೊ ಬಿಟ್ಟು ಏಳಲಿಲ್ಲ. ನಬೀಸಾಬ ನೌಕರಿಯಿಂದ ನಿವೃತ್ತನಾಗಿ ಬಂಕಾಪುರದಲ್ಲಿದ್ದ. ಕುಮಟೆಯ ಲಾರಿಯವರಿಂದ ಸುದ್ದಿ ಹಿಡಿದು ಬಸ್ಸಿಗೆ ಬಂದು ಹೇಳಿದ.

“ನೀರು ಬಂತಂತ್ರಿ. ಏರಿ ತನಕ ಬಂದು ನಿಂತಿತಂತ. ತಗ್ಗಿನ ಒಂದೆರಡು ಗದ್ದಿಗೆ ಉಪ್ಪ ಹತ್ತೈತಿ. ಮಂದಿ ಎಲ್ಲಾ ಅದಾರ.”

“ಗಿಡಾ?”

“ಅರ್ಧ ಹೋಗ್ಯಾವಂತ. ಅರ್ಧ ಅದಾವ.”

ಈ ಮಾತು ಕೇಳಿದ ದಿನ ತಾನು ಹಗುರಾಗುತ್ತೇನೆಂದು ಹೂವಪ್ಪ ಎಣಿಸಿದ್ದ. ನಬೀಸಾಬನಿಗೆ ಚಹಾ ಕೊಟ್ಟು, ಬಸ್ಸಿನವರೆಗೆ ಕಳಿಸಿ ಬಂದ. ಎಲ್ಲರೂ ಇದ್ದಾರೆಂದರೆ ಅವತ್ತೂ ಎಲ್ಲರೂ ಇರಬಹುದಿತ್ತು ಎಂದು ಈಗ ಖಾತ್ರಿಯಾಯಿತು. ಅಲ್ಲಿಯವರೆಗೆ ಅದು ಅವನ ಲೆಕ್ಕವಾಗಿತ್ತು. ಇನ್ನು ಮುಂದೆ ಅದು ನಡೆದು ತೋರಿಸಿದ ಮಾತು.

ಎಂಬತ್ತೊಂಬತ್ತರಲ್ಲಿ ದೇವು ಮಗಳ ಮದುವೆಗೆ ಹೇಳಿಕಳಿಸಿದ. ಹೂವಪ್ಪ ಬರುವುದಿಲ್ಲವೆಂದ. ಶಾರವ್ವ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿ, “ಕೆಸರಾಗ ನನ್ನ ಜೋಡಿ ನಿಂತ ಹುಡಿಗಿ ಆಕಿ. ನಾ ಹೋಕ್ಕೇನಿ,” ಎಂದಳು. ಆಮೇಲೆ ಅವನೂ ಹೊರಟ.

ಕಾಂಡ್ಲಾ ಆಳೆತ್ತರ ಬೆಳೆದಿತ್ತು, ನಡುನಡುವೆ ಬೋಳಾಗಿಯೂ ಇತ್ತು. ಏರಿಯ ಮೇಲೆ ಜನ ನಡೆದಾಡಿ ಕಾಲುದಾರಿ ಬಿದ್ದಿತ್ತು. ದಿಬ್ಬದ ಮೇಲಿನ ಮದುವೆ ಚಪ್ಪರದಲ್ಲಿ ಮಾದೇವಿ ಶಾರವ್ವನನ್ನು ತಬ್ಬಿಕೊಂಡಳು. ವರನ ಕಡೆಯವರೊಬ್ಬರು ಹೂವಪ್ಪನನ್ನು ತೋರಿಸಿ ಇವರು ಯಾರೆಂದು ದೇವುವನ್ನು ಕೇಳಿದರು.

“ಘಟ್ಟದ ಮೇಲ್ನವ್ರು,” ಎಂದ ದೇವು. “ಗೋಡೆ ಕೆಲ್ಸಕ್ಕೆ ಬಂದವ್ರು.”

ಅಷ್ಟು ಹೇಳಿ ಪಂಕ್ತಿಯಲ್ಲಿ ಹೂವಪ್ಪನಿಗೆ ಜಾಗ ತೋರಿಸಿದ. ಮದುಮಗಳು ಗಂಡನೊಡನೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅವಳ ಹಣೆ ತಾಯಿಯದೇ ಹಣೆ. ಹೂವಪ್ಪ ಕೈ ಎತ್ತಿದ. ಏನು ಹರಸಬೇಕೆಂದು ಬಾಯಿಗೆ ಬರಲಿಲ್ಲ. ಅವನ ಬದಲು ಶಾರವ್ವನೇ ಹರಸಿದಳು.

ಮರಳುವ ಬಸ್ಸು ದೇವಿಮನೆ ಘಟ್ಟ ಹತ್ತುತ್ತಿರುವಾಗ ಅವಳು ಕೇಳಿದಳು. “ಅಂವಾ ಗ್ವಾಡಿ ಕೆಲಸಕ್ಕ ಅಂದ್ನಲ್ಲ. ಯಾವ ಗ್ವಾಡಿ?”

“ಮೊದಲಿಂದೂ ನಂದ, ಇದೂ ನಂದ,” ಎಂದ ಹೂವಪ್ಪ. “ಅಂವಾ ಬ್ಯಾರೆ ಮಾಡಿ ಹೇಳಲಿಲ್ಲ.”

ಶಾರವ್ವ ಕಿಟಕಿಯ ಗಾಜು ಸರಿಸಿದಳು. ಮಳೆ ಸಣ್ಣಗೆ ಒಳಗೆ ಸಿಡಿಯಿತು. ಮುಚ್ಚೆಂದು ಅವನು ಹೇಳಲಿಲ್ಲ. ಹಾನಗಲ್ಲಿನಲ್ಲಿ ಬಸ್ಸು ನಿಂತಾಗ ಇಬ್ಬರೂ ಇಳಿದು ಚಹಾ ಕುಡಿದು, ಸವಣೂರಿನ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಂತರು.